ಗ್ರಾಮಫೋನಿನ ಮುಂದೆ ಅಮ್ಮ

ದಸರಾ ರಜೆಗೆಂದು ಬೆಂಗಳೂರಿನಿಂದ ಬಂದ ನನ್ನ ತಮ್ಮನ ಮಗ ಈ ಸಲ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದಿದ್ದ. ಹದಿಮೂರು ವರ್ಷದ ಹುಡುಗ. ಅಜ್ಜಿಯ ಊರಿಗೆ ಬಂದ ಮೊದಲ ದಿನ ಎಳನೀರು, ಎರಡನೆಯ ದಿನ ಪಂಪ್‌ಸೆಟ್ಟಿನ ನೀರು, ಮೂರನೆಯ ದಿನದಿಂದ ಬೇಸರ. ಆ ಬೇಸರಕ್ಕೆ ಮದ್ದಾಗಿ ಅವನಪ್ಪ ಕೊಡಿಸಿದ್ದ ಪೆಟ್ಟಿಗೆ ಅದು. ಬಿಚ್ಚಿದರೆ ಒಳಗೆ ಪ್ಲಾಸ್ಟಿಕ್ಕಿನ ತುಂಡುಗಳು, ಬೆರಳಿನಷ್ಟು ದಪ್ಪದ ಒಂದು ಮೋಟಾರು, ರಬ್ಬರ್ ಬ್ಯಾಂಡು, ಎರಡು ಸೂಜಿ, ಹಿಡಿಯಷ್ಟು ಸ್ಕ್ರೂಗಳು. ಜೋಡಿಸಿದರೆ ಗ್ರಾಮಫೋನು ಆಗುತ್ತದಂತೆ. ಬರೀ ಹಾಡುವ ಗ್ರಾಮಫೋನು ಅಲ್ಲ, ನಮ್ಮ ಮಾತನ್ನೇ ಹಳೆಯ ಸಿ.ಡಿ.ಯ ಮೇಲೆ ಕೊರೆದು, ಮತ್ತೆ ನಮಗೇ ಕೇಳಿಸುವ ಗ್ರಾಮಫೋನು. ಜೊತೆಗಿದ್ದ ಕೈಪಿಡಿ ಪೂರ್ತಿ ಜಪಾನೀ ಭಾಷೆಯಲ್ಲಿ. ಚಿತ್ರ ನೋಡಿಕೊಂಡೇ ಕೆಲಸ ಮುಗಿಸಬೇಕು.

ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೋಗುವ ದಾರಿಯಲ್ಲಿ ನನ್ನ ತವರು. ತೆಂಗಿನ ತೋಟದ ನಡುವಿನ ಹಳೆಯ ಮನೆ. ರಜೆಯಲ್ಲಿ ಅಮ್ಮನ ಜೊತೆ ಇರೋಣವೆಂದು ನಾನೂ ಬಂದಿದ್ದೆ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಅತ್ತೆ, ಅಳಿಯ ಇಬ್ಬರೂ ಕೂತೆವು. ನನ್ನದು ಬಿ.ಎ., ಬಿ.ಇಡಿ. ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. ಸ್ಕ್ರೂಡ್ರೈವರನ್ನು ಕೈಯಲ್ಲಿ ಹಿಡಿದದ್ದು ಹೊಲಿಗೆ ಯಂತ್ರ ಕೆಟ್ಟಾಗ ಮಾತ್ರ. ಆದರೂ ಮಧ್ಯಾಹ್ನದ ಹೊತ್ತಿಗೆ ಯಂತ್ರ ಒಂದು ರೂಪಕ್ಕೆ ಬಂತು. ಕೆಳಗೆ ತಿರುಗುವ ತಟ್ಟೆ, ಮೇಲೆ ಚಾಚಿದ ಕೈ, ಕೈಯ ತುದಿಗೆ ಸೂಜಿ, ಸೂಜಿಯ ಬೆನ್ನಿಗೆ ತೆಳುವಾದ ಪೊರೆ, ಪೊರೆಗೆ ಅಂಟಿದಂತೆ ಒಂದು ಕಾಗದದ ಕಹಳೆ. ಬ್ಯಾಟರಿಯ ಕೆಲಸ ತಟ್ಟೆ ತಿರುಗಿಸುವುದಷ್ಟೇ. ದನಿಗೆ ವಿದ್ಯುತ್ತಿನ ಗೊಡವೆಯೇ ಇಲ್ಲ. ನಾವು ಕಹಳೆಯೊಳಗೆ ಮಾತಾಡಿದರೆ ಆ ಗಾಳಿಗೆ ಪೊರೆ ನಡುಗುತ್ತದೆ, ಪೊರೆಯ ಜೊತೆ ಸೂಜಿ ನಡುಗುತ್ತದೆ, ಸೂಜಿ ತಟ್ಟೆಯ ಮೇಲೆ ಅಂಕುಡೊಂಕಾದ ಗೆರೆ ಕೊರೆಯುತ್ತದೆ. ಆಮೇಲೆ ಬೇರೆ ಸೂಜಿ ಹಾಕಿ ಅದೇ ಗೆರೆಯ ಮೇಲೆ ಹಾಯಿಸಿದರೆ ಗೆರೆ ಸೂಜಿಯನ್ನು ನಡುಗಿಸುತ್ತದೆ, ಸೂಜಿ ಪೊರೆಯನ್ನು, ಪೊರೆ ಗಾಳಿಯನ್ನು. ಹೋದ ದಾರಿಯಲ್ಲೇ ಹಿಂದಕ್ಕೆ ಬರುವುದು, ಅಷ್ಟೆ.

ಮೊದಲು ಹುಡುಗ ತನ್ನ ಹೆಸರು, ಶಾಲೆ, ತರಗತಿ ಎಲ್ಲವನ್ನೂ ಅರಚಿದ. ಮತ್ತೆ ಕೇಳಿದಾಗ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಜಡಿಮಳೆಯಲ್ಲಿ, ಆಚೆ ದಡದಲ್ಲಿ ನಿಂತು, ಮೂಗು ಹಿಡಿದುಕೊಂಡು ಯಾರೋ ಕೂಗಿದ ಹಾಗಿತ್ತು. ರಬ್ಬರ್ ಬ್ಯಾಂಡು ಜಾರಿದಾಗ ದನಿ ಮುದುಕನದಾಗುತ್ತಿತ್ತು, ಬಿಗಿದಾಗ ಮಗುವಿನದು. ಡ್ರಾಯಿಂಗ್ ಶೀಟಿನಲ್ಲಿ ದೊಡ್ಡ ಕಹಳೆ ಸುತ್ತಿ ಹಾಕಿದ ಮೇಲೆ ದನಿ ಕೊಂಚ ತುಂಬಿಕೊಂಡಿತು. ಆದರೂ ಒಂದು ವಿಚಿತ್ರ ಉಳಿಯಿತು. 'ಸ', 'ಶ' ಎರಡೂ ಮಾಯ. 'ಶಾಲೆ' ಎಂದದ್ದು 'ಆಲೆ' ಎಂದು ಕೇಳುತ್ತಿತ್ತು. ಕಿವಿಗೊಟ್ಟು ಕೇಳಿದಾಗ ಕಾರಣ ಹೊಳೆಯಿತು. ಸ್ವರಗಳು ಗಟ್ಟಿ, ಬಾಯ್ತೆರೆದು ಹೊರಡುವವು, ಸೂಜಿಯನ್ನು ಚೆನ್ನಾಗಿ ದೂಡುತ್ತವೆ. 'ಸ', 'ಶ'ಗಳು ಹಲ್ಲಿನ ಸಂದಿಯ ಬರೀ ಉಸಿರು. ಅಷ್ಟು ಸಣ್ಣ, ಅಷ್ಟು ಚುರುಕಾದ ನಡುಕವನ್ನು ಈ ದಡ್ಡ ಸೂಜಿ ಹಿಡಿಯಲಾರದು. ಸ್ವರ ಸ್ವತಂತ್ರ, ವ್ಯಂಜನ ಪರತಂತ್ರ ಎಂದು ಮೂವತ್ತು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತಾ ಬಂದಿದ್ದೇನೆ. ಅದನ್ನು ಒಂದು ಆಟಿಕೆ ಕೊರೆದು ತೋರಿಸಿದ್ದು ಇದೇ ಮೊದಲು.

ಇಷ್ಟು ಹೊತ್ತೂ ಅಮ್ಮ ಅಟ್ಟದ ಏಣಿಯ ಬಳಿ ಕೂತು ತೆಂಗಿನಕಾಯಿ ನೋಡುತ್ತಿದ್ದಳು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಒಡೆದು ನೋಡುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿನ ಸದ್ದು ಬೇರೆ, ಅರೆ ಒಣಗಿದ್ದರ ಸದ್ದು ಬೇರೆ, ಹಣ್ಣಾದ ಉಂಡೆ ಚಿಪ್ಪಿಗೆ ಬಡಿಯುವ ಸದ್ದೇ ಬೇರೆ. ಎಂಬತ್ತು ದಾಟಿದ ಅಮ್ಮನಿಗೆ ಟಿ.ವಿ. ಸರಿಯಾಗಿ ಕೇಳಿಸದು. ಆದರೆ ಕಾಯೊಳಗಿನ ಆ ಸಣ್ಣ ಸದ್ದು ಈಗಲೂ ತಪ್ಪದು.

"ಅಜ್ಜಿ, ಬನ್ನಿ, ನೀವೊಂದು ಹಾಡು ಹೇಳಿ" ಎಂದು ಹುಡುಗ ಅವಳನ್ನು ಎಳೆದು ತಂದು ಕಹಳೆಯ ಮುಂದೆ ಕೂರಿಸಿದ. ಅಮ್ಮ ಸೆರಗು ಸರಿಮಾಡಿಕೊಂಡು, ಸುತ್ತ ನೋಡಿ, ಹಸೆಗೆ ಕರೆಯುವ ಒಂದು ಹಾಡನ್ನು ಗುನುಗಿದಳು. ತಟ್ಟೆ ತಿರುಗಿತು, ಸೂಜಿ ಕೊರೆಯಿತು. ಹಾಕಿ ಕೇಳಿದರೆ ಬರೀ ಕರಕರ, ಅಮ್ಮ ಎಲ್ಲೂ ಇಲ್ಲ. "ಇನ್ನೂ ಜೋರಾಗಿ, ಅಜ್ಜಿ." ಎರಡನೆಯ ಸಲವೂ ಕರಕರ. ಮೂರನೆಯ ಸಲ ಕಹಳೆಯೊಳಗೆ ಮುಖವಿಟ್ಟು ಹಾಡಿದಳು. ನೊಣ ಗುಂಯ್‌ಗುಟ್ಟಿದಂತೆ ಏನೋ ಕೇಳಿಸಿತು. ತಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಹುಡುಗನ ಗೆರೆಗಳು ಬರಿಗಣ್ಣಿಗೇ ಒರಟೊರಟಾಗಿ ಕಾಣುತ್ತಿದ್ದವು. ಅಮ್ಮನ ಗೆರೆಗಳು ನುಣ್ಣಗೆ, ಸುತ್ತಲೂ ಒಂದೇ ಸಮ. ಹಾಡದಿದ್ದರೂ ಹಾಗೇ ಇರುತ್ತಿದ್ದವೇನೋ.

"ನನ್ನ ದನಿ ಇಷ್ಟೇ ಕಣಪ್ಪ. ಇದಕ್ಕಿಂತ ಮೇಲೆ ಏಳಲ್ಲ" ಎಂದಳು ಅಮ್ಮ.

ಆ ಮಾತು ನನಗೆ ಚುಚ್ಚಿತು. ದನಿ ಏಳುವುದಿಲ್ಲವೋ, ಏಳಗೊಡಲಿಲ್ಲವೋ? ನಮ್ಮ ಮನೆಗಳಲ್ಲಿ ಹೆಣ್ಣುಮಗುವಿಗೆ ಕಲಿಸುವ ಮೊದಲ ಪಾಠ 'ಅ ಆ ಇ ಈ' ಅಲ್ಲ, 'ಮೆಲ್ಲಗೆ ಮಾತಾಡು' ಎಂಬುದು. ಪಡಸಾಲೆಯಲ್ಲಿ ಮಾವ ಕೂತಿದ್ದಾರೆ, ಮೆಲ್ಲಗೆ. ನೆಂಟರು ಬಂದಿದ್ದಾರೆ, ಮೆಲ್ಲಗೆ. ಗಂಡುಬೀರಿಯ ಹಾಗೆ ನಗಬೇಡ, ಮೆಲ್ಲಗೆ. ಇದನ್ನು ಅಮ್ಮ ಅವಳಮ್ಮನಿಂದ ಕೇಳಿದ್ದಳು, ನಾನು ಅಮ್ಮನಿಂದ ಕೇಳಿದೆ. ಅರವತ್ತು ವರ್ಷ ಮೆಲ್ಲಗೆ ಮಾತಾಡಿದ ಕೊರಳನ್ನು ಒಂದು ಮಧ್ಯಾಹ್ನ ಕಹಳೆಯ ಮುಂದೆ ಕೂರಿಸಿ 'ಜೋರಾಗಿ' ಎಂದರೆ ಎಲ್ಲಿಂದ ಬರಬೇಕು?

ಅಂದು ರಾತ್ರಿ ಹುಡುಗನಿಗೆ ಗ್ರಾಮಫೋನಿನ ಕಥೆ ಹೇಳುತ್ತಾ ನನಗೇ ಒಂದು ವಿಷಯ ಹೊಸದಾಗಿ ಕಂಡಿತು. 1877ರಲ್ಲಿ ಎಡಿಸನ್ ತವರದ ಹಾಳೆ ಸುತ್ತಿದ ಉರುಳೆಯ ಮೇಲೆ ದನಿ ಹಿಡಿದ. ಹತ್ತು ವರ್ಷಗಳ ನಂತರ ಬರ್ಲಿನರ್ ಚಪ್ಪಟೆ ತಟ್ಟೆಯ ಗ್ರಾಮಫೋನು ಮಾಡಿದ. 1902ರಲ್ಲಿ ಗೈಸ್‌ಬರ್ಗ್ ಎಂಬಾತ ಲಂಡನ್ನಿನ ಗ್ರಾಮಫೋನು ಕಂಪನಿಯ ಪರವಾಗಿ ಕಲ್ಕತ್ತೆಗೆ ಬಂದು ನಮ್ಮವರ ಹಾಡುಗಳನ್ನು ಮುದ್ರಿಸಿಕೊಂಡ. ದನಿ ಮುದ್ರಣಕ್ಕೆ ಮೈಕು ಬಳಸುವುದು ಆಗ ಇರಲಿಲ್ಲ. ಅದು ಈ ಕೆಲಸಕ್ಕೆ ಬಂದದ್ದು 1925ರಿಂದ ಈಚೆಗೆ. ಅಲ್ಲಿಯವರೆಗೆ ಹಾಡುವವರು ನಮ್ಮ ಅಮ್ಮನ ಹಾಗೆಯೇ ಕಹಳೆಗೆ ಮುಖ ಕೊಟ್ಟು ಕೂಗಬೇಕಿತ್ತು. ಆ ಗೆರೆಗಳಿಗೆ ಸಿಕ್ಕುತ್ತಿದ್ದದ್ದೂ ದನಿಯ ನಡುಭಾಗವಷ್ಟೇ. ತೀರ ತಗ್ಗಿನದೂ ಇಲ್ಲ, ತೀರ ಮೇಲಿನದೂ ಇಲ್ಲ. ವೀಣೆಯಂಥ ಮೆದು ವಾದ್ಯಗಳು ಸೋಲುತ್ತಿದ್ದವು, ಗಟ್ಟಿ ಕೊರಳುಗಳು ಗೆಲ್ಲುತ್ತಿದ್ದವು.

ಹಾಗಾದರೆ ಅಂದು ಕಹಳೆಯ ಮುಂದೆ ನಿಂತ ನಮ್ಮ ಹೆಂಗಸರು ಯಾರು? ಗೈಸ್‌ಬರ್ಗನ ಮುಂದೆ ಮೊದಲು ಹಾಡಿದವರು ಶಶಿಮುಖಿ, ಫಣಿಬಾಲಾ ಎಂಬ ಇಬ್ಬರು ಎಳೆಯ ಹುಡುಗಿಯರು, ಕಲ್ಕತ್ತೆಯ ರಂಗಮಂದಿರದವರು. ಆಮೇಲೆ ಬಂದವಳು ಗೌಹರ್ ಜಾನ್. ಹಾಡು ಮುಗಿದೊಡನೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಗೆರೆ ಮುಗಿಸಿದವಳು. ದೇಶವೆಲ್ಲ ಅವಳ ಪ್ಲೇಟು ಕೊಂಡಿತು. ಕೊನೆಗಾಲಕ್ಕೆ ನಮ್ಮ ಮೈಸೂರಿಗೇ ಬಂದಳು. 1928ರಲ್ಲಿ ಅರಮನೆಯ ಆಶ್ರಯ ಸಿಕ್ಕಿತು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ನಮ್ಮವರೇ ಆದ ಬೆಂಗಳೂರು ನಾಗರತ್ನಮ್ಮನವರೂ ಪ್ಲೇಟು ಕೊಟ್ಟವರು. ತಿರುವೈಯಾರಿನ ತ್ಯಾಗರಾಜರ ಆರಾಧನೆಯಲ್ಲಿ ಹೆಂಗಸರು ಹಾಡಕೂಡದು ಎಂದಿದ್ದ ಕಾಲದಲ್ಲಿ, ತಮ್ಮ ಹಣದಿಂದ ಆ ಸಮಾಧಿಗೆ ಗುಡಿ ಕಟ್ಟಿಸಿ, ಹೋರಾಡಿ ಹಾಡಿದವರು. ಇವರೆಲ್ಲ ತವಾಯಫರು, ದೇವದಾಸಿಯರು, ನಾಟಕದವರು. 'ಮರ್ಯಾದಸ್ಥರ' ಮನೆಯೊಳಕ್ಕೆ ಅವರ ಪ್ಲೇಟು ಬರಬಹುದಿತ್ತು, ಅವರು ಬರುವಂತಿರಲಿಲ್ಲ. ಪ್ಲೇಟು ಕೇಳುತ್ತಿದ್ದ ಆ ಮನೆಗಳ ಹೆಂಗಸರು ಕಹಳೆಯ ಮುಂದೆ ಹೋಗುವಂತಿರಲಿಲ್ಲ. ಮರ್ಯಾದೆ ಕಳೆದುಕೊಂಡವರೆಂದು ಯಾರನ್ನು ದೂರ ಇಟ್ಟೆವೋ ಅವರ ದನಿ ಇಂದಿಗೂ ಉಳಿದಿದೆ. ಮರ್ಯಾದೆ ಕಾಪಾಡಿಕೊಂಡ ನನ್ನ ಅಜ್ಜಿಯ ದನಿಯ ಒಂದೆಳೆಯೂ ಎಲ್ಲೂ ಇಲ್ಲ.

ಅಜ್ಜಿ ಹಾಡುತ್ತಿರಲಿಲ್ಲವೆಂದಲ್ಲ. ಕೋಳಿ ಕೂಗುವ ಹೊತ್ತಿಗೆ ರಾಗಿ ಬೀಸುತ್ತಾ ಹಾಡುತ್ತಿದ್ದಳು. ಬೀಸುವ ಕಲ್ಲಿನ ಗರಗರದ ಅಡಿಯಲ್ಲಿ ಅವಳ ಪದ ಹರಿಯುತ್ತಿತ್ತು. ಕಲ್ಲು ನಿಂತರೆ ಪದವೂ ನಿಲ್ಲುತ್ತಿತ್ತು. ಕೆಲಸದ ಜೊತೆಗೆ ಹಾಡುವುದು ವಾಡಿಕೆ ಎಂದು ಪಾಠದಲ್ಲಿ ಹೇಳುತ್ತಿದ್ದೆ. ಈಗ ಬೇರೆಯದೂ ತೋರುತ್ತದೆ. ಕಲ್ಲಿನ ಸದ್ದು ಅವಳಿಗೆ ಮರೆಯಾಗಿತ್ತು. ಆ ಮರೆಯಲ್ಲಿ ಮಾತ್ರ ದನಿ ಎತ್ತಬಹುದಿತ್ತು.

ಮರುದಿನ ಬೆಳಿಗ್ಗೆ ಹುಡುಗನೇ ಒಂದು ಉಪಾಯ ಮಾಡಿದ. "ಅಜ್ಜಿ, ಹಾಡೋದು ಬೇಡ. ತೋಟದ ಆ ತುದೀಲಿ ಇರೋರನ್ನ ಹೆಂಗೆ ಕರೀತೀರಿ? ಹಂಗೆ ಕರೀರಿ ನೋಡೋಣ."

ಅಮ್ಮ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಎದ್ದು ನಿಂತಳು. ಕೂತು ಕೂಗುವುದು ಅವಳಿಗೆ ಅಭ್ಯಾಸವಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಕಹಳೆಯನ್ನು ನೋಡದೆ, ಬಾಗಿಲಾಚೆಯ ತೋಟದ ಕಡೆ ನೋಡುತ್ತಾ ಕೂಗಿದಳು: "ಗೌರೀ... ಬಾರೇ... ಗೌರೀ..."

ಕಾಗದದ ಕಹಳೆ ನಡುಗಿದ್ದು ಕಣ್ಣಿಗೆ ಕಂಡಿತು. ನನ್ನ ಮೈ ಜುಮ್ಮೆಂದಿತು. ಗೌರಿ ನಮ್ಮ ಹಸು. ಸತ್ತು ನಲವತ್ತು ವರ್ಷಕ್ಕೆ ಹತ್ತಿರವಾಯಿತು. ನಾನು ಹುಡುಗಿಯಾಗಿದ್ದಾಗ ಸಂಜೆ ಹೊತ್ತು ಅಮ್ಮ ಹಿತ್ತಲ ಬೇಲಿಯ ಬಳಿ ನಿಂತು ಹೀಗೆಯೇ ಕರೆಯುತ್ತಿದ್ದಳು. ಮೂರು ತೋಟದಾಚೆಗೂ ಕೇಳುತ್ತಿತ್ತು. ಯಾವ ಮಾವನೂ ಆಗ 'ಮೆಲ್ಲಗೆ' ಎನ್ನುತ್ತಿರಲಿಲ್ಲ. ದನ ಕರೆಯಲು, ಮಕ್ಕಳನ್ನು ಊಟಕ್ಕೆ ಕೂಗಲು, ಹೆಣದ ಮುಂದೆ ಅಳಲು ಹೆಂಗಸಿನ ದನಿ ಎತ್ತರವಾಗಬಹುದಿತ್ತು. ದನಿ ಇಲ್ಲದೆ ಇರಲಿಲ್ಲ. ಅದಕ್ಕೆ ಹೊತ್ತುಗೊತ್ತು ನಿಗದಿ ಮಾಡಿದ್ದರು, ಅಷ್ಟೆ.

ಹಾಕಿ ಕೇಳಿದೆವು. ಕರಕರದ ನಡುವಿನಿಂದ, ಮೂಗಿನ ದನಿಯಲ್ಲಿ, ಅಲ್ಲಾಡುತ್ತಾ, ಆದರೆ ಸ್ಪಷ್ಟವಾಗಿ 'ಗೌರೀ' ಬಂತು. ಅದರಲ್ಲಿ ಕಳೆದುಹೋಗಲು 'ಸ'ಕಾರವಿಲ್ಲ, ಎಲ್ಲ ಉದ್ದನೆಯ ಸ್ವರ. ಅಮ್ಮ ಕಾಯಿ ಅಲ್ಲಾಡಿಸಿ ಕೇಳುವಾಗಿನಂತೆ ತಲೆ ಓರೆ ಮಾಡಿ ಕೇಳಿದಳು. "ಇದು ನಾನಲ್ಲ. ನಮ್ಮಮ್ಮ ಕೂಗ್ದಂಗೈತೆ" ಎಂದಳು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಮ್ಮನ ದನಿಯನ್ನು ಯಾರು ತಗ್ಗಿಸಿದರು ಎಂದು ಕೋಪಿಸಿಕೊಳ್ಳುವುದು ಸುಲಭ. ಆ ರಾತ್ರಿ ನನ್ನ ನಿದ್ದೆಗೆಡಿಸಿದ್ದು ಬೇರೊಂದು ನೆನಪು.

ನಾನು ಕೆಲಸಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಚಿಕ್ಕನಾಯಕನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಸ್ವಾತಂತ್ರ್ಯ ದಿನಾಚರಣೆಗೆ ಹುಡುಗಿಯರ ಗಾಯನ ತಂಡ ಕಟ್ಟುವ ಹೊಣೆ ನನ್ನದಾಗಿತ್ತು. ಹನ್ನೆರಡು ಹುಡುಗಿಯರಲ್ಲಿ ಒಬ್ಬಳ ದನಿ ಒಡಕು, ಗೊಗ್ಗರು. ಎತ್ತಿದರೆ ಉಳಿದ ಹನ್ನೊಂದೂ ಹಾದಿ ತಪ್ಪುತ್ತಿದ್ದವು. ತಂಡದಿಂದ ತೆಗೆಯಲು ಮನಸ್ಸು ಬರಲಿಲ್ಲ. ಸಮವಸ್ತ್ರ ಹೊಲಿಸಿಕೊಂಡಿದ್ದಳು, ಅವಳಪ್ಪ ನೋಡಲು ಬರುವವರಿದ್ದರು. "ನೀನು ನಿಂತುಕೋ ಮಗಳೇ. ಬರೀ ತುಟಿ ಆಡಿಸು, ದನಿ ಬಿಡಬೇಡ" ಎಂದೆ. ದಯೆ ತೋರಿದೆನೆಂದೇ ನನ್ನ ಎಣಿಕೆ. ಹುಡುಗಿ ಹಾಗೆಯೇ ಮಾಡಿದಳು. ಹಾಡು ಸೊಗಸಾಗಿ ಬಂತು, ಬಹುಮಾನವೂ ಬಂತು.

ಹತ್ತು ಹನ್ನೆರಡು ವರ್ಷದ ಹಿಂದೆ ತುರುವೇಕೆರೆಯಿಂದ ತಿಪಟೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಕಂಡಕ್ಟರ್ ಒಬ್ಬ ಹೆಣ್ಣುಮಗಳು. ಕಿಕ್ಕಿರಿದ ಬಸ್ಸಿನ ಹಿಂದಿನ ಬಾಗಿಲಿನಿಂದ ಮುಂದಿನ ಡ್ರೈವರಿಗೆ ಮುಟ್ಟುವಂತೆ ಒಡಕು ಕೊರಳಲ್ಲಿ "ರೈಟ್" ಅನ್ನುತ್ತಿದ್ದಳು. ಟಿಕೆಟ್ ಕೊಡುವಾಗ ನನ್ನನ್ನು ದಿಟ್ಟಿಸಿ, "ಮಿಸ್, ನಮಸ್ಕಾರ. ಗುರುತು ಸಿಕ್ಕಿತಾ? ನಾನು ತುಟಿ ಆಡಿಸ್ತಿದ್ದೋಳು" ಎಂದು ನಕ್ಕಳು. ಹಂಗಿಸುವ ನಗೆಯಲ್ಲ, ನಿಜವಾದ ಸಂತೋಷದ ನಗೆ. ನನಗೂ ನಗಬೇಕಾಯಿತು. ಮನೆ, ಮಕ್ಕಳು ಅಂತ ಎರಡು ಮಾತಾಡಿ ಇಳಿದುಬಿಟ್ಟೆ. ಅವಳಿಗೆ ನನ್ನ ಪಾಠ ಯಾವುದೂ ನೆನಪಿರಲಿಲ್ಲವೋ ಏನೋ; ಅದೊಂದು ನೆನಪಿತ್ತು. 'ತಪ್ಪಾಯಿತು' ಎನ್ನಬೇಕೆಂದು ನನಗೆ ಅಂದು ಹೊಳೆಯಲೇ ಇಲ್ಲ. ಹೊಳೆದದ್ದು ಈ ಆಟಿಕೆಯ ಮುಂದೆ.

ಅಂದು ನಾನು ಮಾಡಿದ್ದಾದರೂ ಏನು? ಹಳೆಯ ಕಹಳೆ ಮಾಡುತ್ತಿದ್ದ ಕೆಲಸವನ್ನೇ. ತನಗೆ ಹೊಂದುವ ದನಿಯನ್ನು ಹಿಡಿದು, ಹೊಂದದ್ದನ್ನು ನುಣ್ಣನೆಯ ಗೆರೆಯಾಗಿ ಬಿಡುವ ಕೆಲಸ. ಆದರೆ ಸೂಜಿ ನಿರ್ದೋಷಿ. ಅದರ ಶಕ್ತಿಯೇ ಅಷ್ಟು. ನನ್ನ ಕಿವಿ ಅಷ್ಟು ದಡ್ಡದಾಗಿರಲಿಲ್ಲ. ನಾನು ಹಾಡು ಚೆನ್ನಾಗಿರಲಿ ಎಂದು ಒಂದು ಮಗುವನ್ನು ಮೂಕಿ ಮಾಡಿದೆ. ಹಾಗೆಂದು ಅಪಸ್ವರವೇ ಇರಲಿ ಎನ್ನಲೇ? ಅದೂ ಸರಿಯಲ್ಲ. ಹಾಡಿಗೂ ಒಂದು ಮರ್ಯಾದೆ ಇದೆ, ಉಳಿದ ಹನ್ನೊಂದು ಮಕ್ಕಳ ಶ್ರಮಕ್ಕೂ ಇದೆ. ಅವಳಿಗೆ ಒಪ್ಪುವ ಶ್ರುತಿ ಹುಡುಕಬಹುದಿತ್ತು, ನಡುವೆ ಒಂದು ಘೋಷಣೆಯನ್ನು ಅವಳಿಂದ ಕೂಗಿಸಬಹುದಿತ್ತು. ಹತ್ತು ನಿಮಿಷ ಯೋಚಿಸಿದ್ದರೆ ದಾರಿ ಸಿಗುತ್ತಿತ್ತು. 'ತುಟಿ ಆಡಿಸು' ಎನ್ನಲು ಹತ್ತು ಸೆಕೆಂಡು ಸಾಕಾಯಿತು. ನಾವು ಮಾಡುವ ಎಷ್ಟೋ ಅನ್ಯಾಯಗಳಿಗೆ ಕಾರಣ ಕ್ರೌರ್ಯವಲ್ಲ, ಈ ಅವಸರ.

ಈಗ ಎಲ್ಲ ಕಡೆ ಹೆಣ್ಣುಮಕ್ಕಳಿಗೆ 'ದನಿ ಎತ್ತಿ' ಎಂದು ಹೇಳುತ್ತಾರೆ. ನಾನೂ ವೇದಿಕೆಯಲ್ಲಿ ಹೇಳಿದ್ದೇನೆ. ತಪ್ಪೇನಿಲ್ಲ, ಎತ್ತಲೇಬೇಕು. ಆದರೆ ಅಷ್ಟೇ ಹೇಳಿ ನಿಲ್ಲಿಸಿದರೆ, ಕೂಗಿದವರ ಗೆರೆ ಮಾತ್ರ ಉಳಿಯಲಿ ಎಂದು ಹೇಳಿದಂತಲ್ಲವೇ? ಮೆಲ್ಲಗೆ ಮಾತಾಡುವವರೂ ಇರುತ್ತಾರೆ. ಮೆಲ್ಲಗೆ ಹೇಳುವ ಮಾತುಗಳೂ ಇರುತ್ತವೆ. ಹಸೆಗೆ ಕರೆಯುವ ಹಾಡನ್ನು ದನ ಕರೆದಂತೆ ಹಾಡಲಾಗದು. ಎತ್ತಬೇಕಾದ್ದು ದನಿಯಾದರೆ, ಬಗ್ಗಬೇಕಾದ್ದು ಕಿವಿ. ನಾವು ದನಿಯ ಲೆಕ್ಕವನ್ನು ಮಾತ್ರ ಕೇಳುತ್ತೇವೆ.

ಇದನ್ನೆಲ್ಲ ಹುಡುಗನಿಗೆ ಹೇಳಿದರೆ, "ಅಷ್ಟೇನಾ ಅತ್ತೆ? ಫೋನಲ್ಲಿ ರೆಕಾರ್ಡ್ ಮಾಡೋಣ, ಪಿಸುಗುಟ್ಟಿದರೂ ಬರುತ್ತೆ" ಎಂದ. ನಿಜ, ಬಂತು. ಅಮ್ಮನ ಹಸೆ ಹಾಡು, ಹಾಡಿನ ನಡುವೆ ಎಳೆದ ಉಸಿರು, ಅಡಿಗೆಮನೆಯ ಮಿಕ್ಸಿ, ಮಾಡಿನ ಮೇಲಿನ ಕಾಗೆ, ಎಲ್ಲವೂ ಚೊಕ್ಕಟವಾಗಿ ಬಂತು. 'ಸ'ಕಾರ, 'ಶ'ಕಾರ ಎರಡೂ ಹಾಜರು. ನಾವು ಒಮ್ಮೆ ಕೇಳಿ 'ಚೆನ್ನಾಗಿದೆ' ಎಂದೆವು. ಆಮೇಲೆ ಯಾರೂ ಅದನ್ನು ತೆರೆದಿಲ್ಲ. ನನ್ನ ಫೋನಿನಲ್ಲೂ ಅಂಥವು ಎಷ್ಟೋ ಇವೆ. ಯಂತ್ರದ ಕಿವಿ ಇಷ್ಟು ವರ್ಷಗಳಲ್ಲಿ ಎಷ್ಟು ಸೂಕ್ಷ್ಮವಾಯಿತು, ನಮ್ಮದು ಅಲ್ಲೇ ಉಳಿಯಿತು. ಆ ಕರಕರದ ತಟ್ಟೆಯ ಸುತ್ತ ಮಾತ್ರ ಮೂವರೂ ಉಸಿರು ಹಿಡಿದು, ತಲೆಗೆ ತಲೆ ತಾಗಿಸಿ ಕೂತಿದ್ದೆವು. ಅದರ ದನಿ ಕಳಪೆ, ಆದ್ದರಿಂದ ನಾವು ಹತ್ತಿರ ಹೋಗಬೇಕಾಯಿತು. ಕಳಪೆಯನ್ನು ಹೊಗಳುತ್ತಿಲ್ಲ. ಯಂತ್ರ ಎಷ್ಟು ಒಳ್ಳೆಯದಾದರೂ ನಾವು ಹತ್ತಿರ ಹೋಗುವ ಕೆಲಸವನ್ನು ಅದು ಮಾಡಿಕೊಡಲಾರದು ಎನ್ನುತ್ತಿದ್ದೇನೆ.

ಮುಂದಿನ ಆಗಸ್ಟ್ 15ಕ್ಕೆ ಗಾಯನ ತಂಡ ಮತ್ತೆ ನನ್ನ ಪಾಲಿಗೇ ಬರಬಹುದು. ಬಂದರೆ ಯಾರೂ ತುಟಿ ಆಡಿಸುವುದಿಲ್ಲ. ಬಹುಮಾನ ಬರಲಿಕ್ಕಿಲ್ಲ. ಆ ಬಸ್ಸಿನ ಹುಡುಗಿ ಮತ್ತೆ ಸಿಕ್ಕರೆ ಹೇಳಬೇಕಾದ ಮಾತನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಸಿಗದಿದ್ದರೆ ಆ ಸಾಲ ಹಾಗೆಯೇ ಉಳಿಯುತ್ತದೆ.

ರಜೆ ಮುಗಿಸಿ ಹೊರಡುವ ದಿನ ಹುಡುಗ ಎಚ್ಚರಿಸಿದ: "ಅಜ್ಜಿಯ ತಟ್ಟೆಯನ್ನು ತುಂಬಾ ಸಲ ಹಾಕಬೇಡಿ ಅತ್ತೆ. ಪ್ರತಿ ಸಲವೂ ಸೂಜಿ ಗೆರೆಯನ್ನು ಸವೆಸುತ್ತೆ. ಈಗಾಗಲೇ ಮಂಕಾಗಿದೆ." ನಾನು ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಬೀರುವಿನಲ್ಲಿ ಇಡಲು ಹೊರಟೆ.

ಏಣಿಯ ಬಳಿ ಕೂತಿದ್ದ ಅಮ್ಮ ಕಾಯಿ ಅಲ್ಲಾಡಿಸುವುದನ್ನು ನಿಲ್ಲಿಸಿ ಹೇಳಿದಳು: "ಯಾಕೆ ಬಚ್ಚಿಡ್ತೀಯೇ? ಹಾಕಿ ಕೇಳಿ. ಸವೆದ್ರೆ ಸವೀಲಿ, ಇನ್ನೊಂದು ಸಲ ಕೂಗ್ತೀನಿ."